ದೊಡ್ಡವರ ವಾರ್ಡಿನಿಂದ ಮಕ್ಕಳ ವಾರ್ಡಿಗೆ: ಯಾವ ಕೋರ್ಸ್ ಮಾಡಲಿ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು. ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆರು ವರ್ಷದಿಂದ ಥಾಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಇಷ್ಟು ದಿನವೂ ಮೆಡಿಕಲ್ ವಾರ್ಡ್, ಅಂದರೆ ದೊಡ್ಡವರೇ. ನನಗೆ ಮಕ್ಕಳ ನರ್ಸಿಂಗ್ ಕಡೆ ಹೋಗಬೇಕೆಂದು ಆಸೆ. ಒಬ್ಬರು ಎಂಎಸ್ಸಿ ಮಾಡು ಅನ್ನುತ್ತಾರೆ, ಇನ್ನೊಬ್ಬರು ಒಂದು ವರ್ಷದ ನಿಯೋನೇಟಲ್ (ನವಜಾತ ಶಿಶುಗಳ) ಡಿಪ್ಲೊಮಾ ಸಾಕು ಅನ್ನುತ್ತಾರೆ. ಒಂದು ಸಂಸ್ಥೆಯವರು ಆರು ತಿಂಗಳ ಆನ್‌ಲೈನ್ 'ಪೀಡಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ' ಇದೆ, 45,000 ರೂಪಾಯಿ, ವಿದೇಶದಲ್ಲೂ ನಡೆಯುತ್ತದೆ ಎಂದು ದಿನಾ ಫೋನ್ ಮಾಡುತ್ತಿದ್ದಾರೆ. ಮುಂದೆ ಯುಕೆಗೆ ಹೋಗುವ ಯೋಚನೆಯೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಆ ಫೋನಿನವರ ವಿಷಯ ಮುಗಿಸಿಬಿಡೋಣ. 45,000 ಕೊಡಬೇಡಿ. ನಾಳೆ ಫೋನ್ ಬಂದರೆ ಒಂದೇ ಪ್ರಶ್ನೆ ಕೇಳಿ: 'ಈ ಕೋರ್ಸ್ ಮುಗಿದ ಮೇಲೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ಇದನ್ನು ನನ್ನ ರಿಜಿಸ್ಟ್ರೇಷನ್‌ನಲ್ಲಿ ಅಡಿಷನಲ್ ಕ್ವಾಲಿಫಿಕೇಷನ್ ಅಂತ ಸೇರಿಸುತ್ತದಾ?' ಅವರು 'ಸರ್ಟಿಫಿಕೇಟ್ ಕೊಡ್ತೀವಿ ಮೇಡಂ, ಸರ್ಕಾರಿ ಮಾನ್ಯತೆ ಇದೆ ಮೇಡಂ, ಐಎಸ್‌ಒ ಇದೆ ಮೇಡಂ' ಎಂದು ಸುತ್ತಿ ಬಳಸಿ ಮಾತಾಡಿದರೆ ಅಲ್ಲಿಗೆ ನಿಮಗೆ ಉತ್ತರ ಸಿಕ್ಕಿತು. ಐಎಸ್‌ಒ ಅನ್ನೋದು ಸಂಸ್ಥೆಯ ಆಡಳಿತಕ್ಕೆ ಸಿಗುವ ಪತ್ರ. ನರ್ಸಿಂಗ್ ಕೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲದೆ, ಒಂದು ಮಗುವನ್ನೂ ಮುಟ್ಟದೆ ಆರು ತಿಂಗಳು ವಿಡಿಯೋ ನೋಡಿ ಮಕ್ಕಳ ನರ್ಸ್ ಆಗೋದು ಹೇಗೆ, ನೀವೇ ಹೇಳಿ.

ಈಗ ಉಳಿದ ಎರಡು. ನೀವು ಹೇಳಿದ ಇಬ್ಬರ ಮಾತೂ ತಪ್ಪಲ್ಲ. ಆದರೆ ಅವರು ಹೇಳುತ್ತಿರುವುದು ಎರಡು ಬೇರೆ ಬೇರೆ ಕೆಲಸಗಳ ಬಗ್ಗೆ. ನಿಯೋನೇಟಲ್ ಡಿಪ್ಲೊಮಾ ನಿಮ್ಮನ್ನು ಮಗುವಿನ ಹಾಸಿಗೆ ಪಕ್ಕ ನಿಲ್ಲಿಸುತ್ತದೆ. ಎಂಎಸ್ಸಿ ಮಾಡಿದವರಲ್ಲಿ ಹೆಚ್ಚಿನವರು ಕಾಲೇಜಿನ ಕಡೆ, ಪಾಠ ಮಾಡುವ ಕಡೆ ಹೋಗುತ್ತಾರೆ. ನಿಮಗೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ಮೊದಲು ತೀರ್ಮಾನ ಮಾಡಿ.

ಎಂಎಸ್ಸಿ ದಾರಿ ನಿಮಗೆ ಉದ್ದ. ಜಿಎನ್‌ಎಂ ಆದವರು ನೇರವಾಗಿ ಎಂಎಸ್ಸಿಗೆ ಹೋಗುವಂತಿಲ್ಲ. ಮೊದಲು ಪೋಸ್ಟ್ ಬೇಸಿಕ್ ಬಿಎಸ್ಸಿ, ಅಂದರೆ ಜಿಎನ್‌ಎಂ ಆದವರು ಮಾಡುವ ಪದವಿ, ರೆಗ್ಯುಲರ್ ಆದರೆ 2 ವರ್ಷ. ಅದರಲ್ಲಿ ಒಟ್ಟು 55% ಅಂಕ ಬರಬೇಕು, ಒಂದು ವರ್ಷದ ಕೆಲಸದ ಅನುಭವ ಬೇಕು. ಅನುಭವ ನಿಮಗೆ ಬೇಕಾದಷ್ಟಿದೆ ಬಿಡಿ. ಆಮೇಲೆ ಎಂಎಸ್ಸಿ 2 ವರ್ಷ, ಐದು ವಿಭಾಗಗಳಲ್ಲಿ ಚೈಲ್ಡ್ ಹೆಲ್ತ್ ನರ್ಸಿಂಗ್ ಒಂದು. ಅಲ್ಲಿಗೆ ನಾಲ್ಕು ವರ್ಷ, ಅದೂ ಪ್ರವೇಶ ಪರೀಕ್ಷೆ, ಸೀಟು ಎಲ್ಲ ಸರಿಯಾಗಿ ಕೂಡಿಬಂದರೆ. ಮಹಾರಾಷ್ಟ್ರದಲ್ಲಿ ಬಹುತೇಕ ನರ್ಸಿಂಗ್ ಕಾಲೇಜುಗಳು ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮುಂಬೈಯಲ್ಲಿ ಎಸ್‌ಎನ್‌ಡಿಟಿಯ ಲೀಲಾಬಾಯಿ ಠಾಕರ್ಸಿ ಕಾಲೇಜ್ ಬೇರೆ, ಅದು ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ್ದೇ. ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಬೇಕು, ಮುಂದೆ ಪ್ರಿನ್ಸಿಪಾಲ್ ಆಗಬೇಕು ಅನ್ನುವವರಿಗೆ ಎಂಎಸ್ಸಿ ಬಿಟ್ಟು ಬೇರೆ ದಾರಿಯೇ ಇಲ್ಲ. ನಿಮ್ಮ ಪತ್ರದಲ್ಲಿ ಆ ಆಸೆ ನನಗೆ ಕಾಣಲಿಲ್ಲ.

ನಿಯೋನೇಟಲ್ ಡಿಪ್ಲೊಮಾ ಅಂದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಿಲಬಸ್ ಮಾಡಿರುವ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಲ್ಲಿ ಒಂದು. ಕ್ರಿಟಿಕಲ್ ಕೇರ್, ಆಂಕಾಲಜಿ, ಆಪರೇಷನ್ ರೂಮ್ ಇವೆಲ್ಲ ಇದರ ಅಕ್ಕತಂಗಿಯರು. ಒಂದು ವರ್ಷ. ರಿಜಿಸ್ಟರ್ ಆದ ನರ್ಸ್ ಆಗಿರಬೇಕು, ಒಂದು ವರ್ಷ ವಾರ್ಡಿನಲ್ಲಿ ದುಡಿದಿರಬೇಕು. ಜಿಎನ್‌ಎಂ ಆದವರಿಗೂ ಆಗುತ್ತದೆ, ಬಿಎಸ್ಸಿಯವರಿಗೂ ಆಗುತ್ತದೆ, ಗಂಡು ಹುಡುಗರಿಗೂ ಆಗುತ್ತದೆ (ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ಐಸಿಯುಗೆ, ಬ್ರದರ್ ಬೇಡ' ಎನ್ನುವ ಮೇಟ್ರನ್‌ಗಳು, ಅಂದರೆ ನರ್ಸ್‌ಗಳ ಮೇಲಧಿಕಾರಿಗಳು, ಈಗಲೂ ಇದ್ದಾರೆ. ಅದು ಅವರ ಮಾತು, ಕೌನ್ಸಿಲ್ ನಿಯಮ ಅಲ್ಲ). ತರಗತಿಯಲ್ಲಿ ಕೂರೋದು ಕಡಿಮೆ, ಎನ್‌ಐಸಿಯುನಲ್ಲಿ ಡ್ಯೂಟಿ ಮಾಡುತ್ತಲೇ ಕಲಿಯೋದು ಜಾಸ್ತಿ. ನೈಟ್ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ನನ್ನ ಸಲಹೆ ಇದೇ, ಡಿಪ್ಲೊಮಾ. ಆದರೆ ಈಗಲೇ ಅರ್ಜಿ ಹಾಕಬೇಡಿ. ಮೊದಲು ನಿಮ್ಮ ಆಸ್ಪತ್ರೆಯಲ್ಲೇ ಮಕ್ಕಳ ವಾರ್ಡಿಗೆ ಟ್ರಾನ್ಸ್‌ಫರ್ ಕೇಳಿ. ನಿಮ್ಮಲ್ಲಿ ಮಕ್ಕಳ ವಾರ್ಡ್ ಇಲ್ಲ ಅಂದರೆ, ಇರುವ ಆಸ್ಪತ್ರೆಗೆ ಕೆಲಸ ಬದಲಿಸಿ. ಆರು ತಿಂಗಳು, ಒಂದು ವರ್ಷ ಮಾಡಿ ನೋಡಿ. ಯಾಕೆ ಹೇಳ್ತೀನಿ ಕೇಳಿ.

ಆರು ವರ್ಷ ದೊಡ್ಡವರ ವಾರ್ಡಿನಲ್ಲಿದ್ದವರ ಕೈಗೆ ಒಂದು ಲೆಕ್ಕ ಕೂತುಬಿಟ್ಟಿರುತ್ತದೆ. ಜ್ವರ ಬಂತು, ಪ್ಯಾರಾಸಿಟಮಾಲ್ 500 ಅಥವಾ 650. ಯೋಚನೆಯೇ ಬೇಡ. ಮಕ್ಕಳ ವಾರ್ಡಿನಲ್ಲಿ ಪ್ರತಿಯೊಂದೂ ತೂಕದ ಮೇಲೆ. 8 ಕೆಜಿ ಮಗು, ಡಾಕ್ಟರು ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ ಬರೆದಿದ್ದಾರೆ ಅಂದುಕೊಳ್ಳಿ. ಟ್ರಾಲಿಯಲ್ಲಿ ಮೂರು ಬಾಟಲಿ ಇದೆ. ಒಂದು ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದು 5 ಎಂಎಲ್‌ಗೆ 250, ಮೂರನೆಯದು ಡ್ರಾಪ್ಸ್, 1 ಎಂಎಲ್‌ಗೇ 100. ಮೊದಲನೆಯದಾದರೆ 5 ಎಂಎಲ್ ಕೊಡಬೇಕು, ಎರಡನೆಯದಾದರೆ 2.4 ಎಂಎಲ್, ಡ್ರಾಪ್ಸ್ ಆದರೆ 1.2 ಎಂಎಲ್. ನೀವು ಅವಸರದಲ್ಲಿ 'ಒಂದು ಚಮಚ' ಎಂದು ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಹಾಕಿದರೆ ಮಗುವಿಗೆ ಹೋದದ್ದು 500 ಮಿಲಿಗ್ರಾಂ, ಬೇಕಾದದ್ದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಮೂರಕ್ಕೂ ಕಂಪನಿ ಒಂದೇ, ಹೆಸರು ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಅದೇ ಇರಬಹುದು. ಸಣ್ಣ ಅಕ್ಷರ ಓದುವವಳೇ ಮಕ್ಕಳ ನರ್ಸ್.

ಸಲೈನ್ ಕೂಡ ಹಾಗೆಯೇ. 8 ಕೆಜಿ ಮಗುವಿಗೆ ಮೇಂಟೆನೆನ್ಸ್, ಅಂದರೆ ಮೈಗೆ ದಿನವಿಡೀ ಬೇಕಾಗುವ ನೀರಿನಂಶ, ಸಾಮಾನ್ಯವಾಗಿ ಗಂಟೆಗೆ 32 ಎಂಎಲ್ ಸುತ್ತಮುತ್ತ ಬರುತ್ತದೆ, ಮೊದಲ 10 ಕೆಜಿಗೆ ಕೆಜಿಗೆ 4 ಎಂಎಲ್ ಲೆಕ್ಕ. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ 1 ಎಂಎಲ್‌ಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. 32 ಅಂದರೆ 32. ಸುಲಭ. ಆದರೆ ರಾತ್ರಿ ಸ್ಟೋರಿನಲ್ಲಿ ಮೈಕ್ರೋ ಸೆಟ್ ಖಾಲಿ ಎಂದು ಯಾರೋ ದೊಡ್ಡವರ ಸೆಟ್ ಹಾಕಿ, ಅದೇ 32 ಹನಿ ಬಿಟ್ಟರು ಅಂದುಕೊಳ್ಳಿ. 1 ಎಂಎಲ್‌ಗೆ 20 ಹನಿಯ ಸೆಟ್ ಆದರೆ ಗಂಟೆಗೆ 96 ಎಂಎಲ್ ಒಳಗೆ ಹೋಗುತ್ತದೆ. ದೊಡ್ಡವರಿಗೆ ಅಷ್ಟು ಹೋದರೆ ಏನೂ ಆಗದಿರಬಹುದು, ಒಂದು ಸಲ ಜಾಸ್ತಿ ಬಾತ್‌ರೂಮಿಗೆ ಹೋಗಿ ಬರುತ್ತಾರೆ. ಮಗುವಿಗೆ ಹಾಗಲ್ಲ. ಅದಕ್ಕೇ ಮಕ್ಕಳ ವಾರ್ಡಿನಲ್ಲಿ ಸಲೈನ್ ಅಳೆದು ಬಿಡುವ ಬ್ಯೂರೆಟ್ ಸೆಟ್, ಸಿರಿಂಜ್ ಪಂಪ್, ಗಂಟೆಗೊಮ್ಮೆ ಬರೆಯುವ ಇನ್‌ಟೇಕ್ ಔಟ್‌ಪುಟ್ ಚಾರ್ಟ್. ಮೂತ್ರ ಎಷ್ಟಾಯಿತೆಂದು ತಿಳಿಯಲು ಡಯಾಪರ್ ಕೂಡ ತೂಕ ಮಾಡುತ್ತಾರೆ.

ನವಜಾತ ಶಿಶುಗಳ ವಿಭಾಗಕ್ಕೆ ಹೋದರೆ ಇದು ಇನ್ನೂ ಬಿಗಿ. ಮಗುವಿನ ಮೈಯಲ್ಲಿ ರಕ್ತ ಕೆಜಿಗೆ ಸುಮಾರು 80 ಎಂಎಲ್. 1 ಕೆಜಿಯ ಪ್ರೀಟರ್ಮ್ (ದಿನ ತುಂಬುವ ಮೊದಲೇ ಹುಟ್ಟಿದ) ಮಗು ಅಂದರೆ ಇಡೀ ಮೈಯಲ್ಲಿ ಒಂದು ಟೀ ಲೋಟದಷ್ಟೂ ರಕ್ತ ಇಲ್ಲ. ಟೆಸ್ಟಿಗೆಂದು ದಿನಕ್ಕೆ ನಾಲ್ಕು ಸಲ 2 ಎಂಎಲ್ ತೆಗೆದರೆ ಹತ್ತನೇ ಒಂದು ಭಾಗ ಹೋಯಿತು. ಒಳ್ಳೆಯ ನಿಯೋನೇಟಲ್ ಸಿಸ್ಟರ್ ರೆಸಿಡೆಂಟ್ ಡಾಕ್ಟರಿಗೆ 'ಸರ್, ಬೆಳಿಗ್ಗೆಯ ಸ್ಯಾಂಪಲ್‌ನಲ್ಲೇ ಇದೂ ಆಗುತ್ತದಾ ಲ್ಯಾಬ್‌ಗೆ ಕೇಳಲಾ' ಎನ್ನುತ್ತಾಳೆ. ಆಕ್ಸಿಜನ್ ಕೂಡ ಹಾಗೆ. ದೊಡ್ಡವರ ವಾರ್ಡಿನಲ್ಲಿ ಸ್ಯಾಚುರೇಷನ್ 99 ಕಂಡರೆ ನಮಗೆ ಖುಷಿ. ಆಕ್ಸಿಜನ್ ಮೇಲಿರುವ ಪ್ರೀಟರ್ಮ್ ಮಗುವಿನಲ್ಲಿ 99 ಕಂಡರೆ ಎದ್ದು ಹೋಗಿ ಆಕ್ಸಿಜನ್ ಕಡಿಮೆ ಮಾಡಬೇಕು, ಸಾಮಾನ್ಯವಾಗಿ 90ರಿಂದ 95ರ ಒಳಗೆ ಇಡುತ್ತಾರೆ, ಯಾಕೆಂದರೆ ಜಾಸ್ತಿ ಆಕ್ಸಿಜನ್ ಬೆಳೆಯುತ್ತಿರುವ ಕಣ್ಣಿನ ರೆಟಿನಾವನ್ನು ಹಾಳು ಮಾಡಬಹುದು. ಆರು ವರ್ಷ ಒಂದು ಕಡೆ ಓಡಿದ ಕಣ್ಣನ್ನು ಇನ್ನೊಂದು ಕಡೆ ತಿರುಗಿಸೋದಕ್ಕೆ ಸಮಯ ಬೇಕು. ಡಿಪ್ಲೊಮಾದ ಮೊದಲ ತಿಂಗಳಲ್ಲೇ ಕೈಬಿಟ್ಟು ಹೋಗುವವರನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ, 26 ಗೇಜ್‌ನ ನೇರಳೆ ಕ್ಯಾನ್ಯುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಿಡಿದು ಕಡ್ಡಿಯಷ್ಟು ಸಣ್ಣ ಕೈಯ ಮುಂದೆ ಕೂತಾಗ ಇದು ತಮ್ಮಿಂದಾಗದು ಅಂತ ಅವರಿಗೇ ಗೊತ್ತಾಯಿತು. ಅದು ಫೀಸ್ ಕಟ್ಟುವ ಮೊದಲೇ ಗೊತ್ತಾದರೆ ಒಳ್ಳೆಯದು, ಅಲ್ವಾ?

ಇನ್ನೊಂದು ವಿಷಯ, ಇದನ್ನು ಯಾರೂ ಬ್ರೋಷರ್‌ನಲ್ಲಿ ಹಾಕುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಒಂದು ಹಾಸಿಗೆಗೆ ಇಬ್ಬರು ಪೇಷಂಟ್, ಮಗು ಮತ್ತು ತಾಯಿ. ಕೆಲವು ಸಲ ಅಜ್ಜಿಯನ್ನೂ ಸೇರಿಸಿ ಮೂರು. ಮುಂಬೈನ ಪರೇಲಿನ ಕೆಇಎಂ, ವಾಡಿಯಾ ಮಕ್ಕಳ ಆಸ್ಪತ್ರೆ, ಸಯನ್ ಆಸ್ಪತ್ರೆ, ಈ ಕಡೆ ಬರುವ ಕುಟುಂಬಗಳಲ್ಲಿ ಕಲಬುರಗಿ, ಯಾದಗಿರಿ, ನಿಮ್ಮ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇರುತ್ತಾರೆ. ತಾಯಿಗೆ ಹಿಂದಿ ಅಷ್ಟಕ್ಕಷ್ಟೇ, ಮರಾಠಿ ಬರದು. 'ಎದಿ ಒಳಗ್ ಎಳಿಯಾಕತ್ತೈತ್ರಿ' ಎಂದು ಅವಳು ಹೇಳಿದರೆ ಅರ್ಥವಾಗುವುದು ನಿಮಗೆ. ನೀವು ತಕ್ಷಣ ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತೀರಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಮೇಲೆ, ಎರಡು ತಿಂಗಳಿನಿಂದ ವರ್ಷದೊಳಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಮೇಲೆ ಇದ್ದರೆ ವೇಗದ ಉಸಿರು ಎಂದು ಲೆಕ್ಕ. ಇದರ ಜೊತೆ ಎದೆಯೂ ಒಳಗೆ ಎಳೆಯುತ್ತಿದ್ದರೆ ಡಾಕ್ಟರನ್ನು ಕೂಗಲು ಮಾನಿಟರ್ ಬೇಕಾಗಿಲ್ಲ. ಗೋವಾದ ಬಾಂಬೋಲಿ ಮೆಡಿಕಲ್ ಕಾಲೇಜಿಗೂ ಕಾರವಾರದ ಕಡೆಯಿಂದ ಜನ ಹೋಗುತ್ತಾರೆ, ವಾಸ್ಕೋ ಸುತ್ತ ನಮ್ಮ ಉತ್ತರ ಕರ್ನಾಟಕದವರೂ ಬಹಳ ಇದ್ದಾರೆ, ಅಲ್ಲೂ ಇದೇ ಕಥೆ. ನಿಮ್ಮ ಕನ್ನಡಕ್ಕೆ ಯಾವ ಆಸ್ಪತ್ರೆಯೂ ಅಲವನ್ಸ್ ಕೊಡುವುದಿಲ್ಲ. ಕೆಲಸಕ್ಕೆ ಮಾತ್ರ ದಿನಾ ಬರುತ್ತದೆ.

ಅಂದಹಾಗೆ ಸಯನ್ ಆಸ್ಪತ್ರೆಯ ಹೆಸರು ಬಂತಲ್ಲ, ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಗಿದ್ದು ಅಲ್ಲೇ, 1989ರಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರಿಂದ. ಹಾಲಿನ ಬ್ಯಾಂಕ್ ನಡೆಯುವುದು ಫ್ರಿಜ್ಜಿನಿಂದ ಅಲ್ಲ. ಹೆರಿಗೆಯಾದ ತಾಯಿಯ ಹತ್ತಿರ ಕೂತು, ಹಾಲು ಹೇಗೆ ಹಿಂಡುವುದು ತೋರಿಸಿ, ನಿನ್ನ ಮಗುವಿಗೆ ಕಡಿಮೆಯಾಗಲ್ಲಮ್ಮ ಎಂದು ಧೈರ್ಯ ಹೇಳಲು ಜನ ಬೇಕು. ನಿಯೋನೇಟಲ್ ನರ್ಸಿಂಗ್ ಅಂದ ಕೂಡಲೇ ಎಲ್ಲರೂ ವೆಂಟಿಲೇಟರ್ ಒಂದನ್ನೇ ನೆನೆಯುತ್ತಾರೆ, ನನಗೆ ಅದು ಸಿಟ್ಟು ತರಿಸುತ್ತದೆ. ಹಾಲು ಕುಡಿಸುವುದು, ಕಾಂಗರೂ ಕೇರ್ (ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಡುವುದು), ಕೈತೊಳೆಯುವುದು, ಮಗುವನ್ನು ಬೆಚ್ಚಗಿಡುವುದು, ಜೀವ ಉಳಿಯುವುದು ಹೆಚ್ಚಾಗಿ ಇವುಗಳಿಂದಲೇ.

ಸರಿ, ಡಿಪ್ಲೊಮಾ ಆರಿಸುವಾಗ ಏನು ನೋಡಬೇಕು? ಕೌನ್ಸಿಲ್ ಮಾನ್ಯತೆ ಮೊದಲು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ರಾಜ್ಯವಾರು, ಕೋರ್ಸ್‌ವಾರು ಪಟ್ಟಿ ಇರುತ್ತದೆ. ಕಾಲೇಜಿನ ಹೆಸರಿದ್ದರೆ ಸಾಲದು, ಆ ಕಾಲೇಜಿನ ಎದುರು 'ನಿಯೋನೇಟಲ್' ಕೋರ್ಸೇ ಇರಬೇಕು, ಆ ವರ್ಷಕ್ಕೇ ಇರಬೇಕು. ಬಿಎಸ್ಸಿಗೆ ಮಾನ್ಯತೆ ಇಟ್ಟುಕೊಂಡು ಅದೇ ಬೋರ್ಡ್ ತೋರಿಸಿ ಬೇರೆ ಕೋರ್ಸ್ ಮಾರುವವರು ಇದ್ದಾರೆ. ರಾಜ್ಯ ಕೌನ್ಸಿಲ್‌ನ ಅನುಮತಿಯನ್ನೂ ಕೇಳಿ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ನ್ಯಾಷನಲ್ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕಮಿಷನ್ ಕಾಯ್ದೆ ಪಾಸಾಗಿದೆ. ಇಂಥ ಬದಲಾವಣೆಯ ಕಾಲದಲ್ಲಿ 'ಹೊಸ ಕಾನೂನು ಬಂದಿದೆ ಮೇಡಂ, ಈಗ ಮಾನ್ಯತೆ ಏನೂ ಬೇಡ' ಅನ್ನುವವರೂ ಹುಟ್ಟಿಕೊಳ್ಳುತ್ತಾರೆ. ನಂಬಬೇಡಿ.

ಆಮೇಲೆ ಆಸ್ಪತ್ರೆ ನೋಡಿ. ಕಾಲೇಜಿನ ಕಟ್ಟಡ ಅಲ್ಲ, ಆಸ್ಪತ್ರೆ. ಎನ್‌ಐಸಿಯುನಲ್ಲಿ ಎಷ್ಟು ಹಾಸಿಗೆ, ಅಲ್ಲಿರುವ ಮಕ್ಕಳು ಅದೇ ಆಸ್ಪತ್ರೆಯಲ್ಲಿ ಹುಟ್ಟಿದವರಾ ಅಥವಾ ಹೊರಗಿನಿಂದಲೂ ಬರುತ್ತಾರಾ, ಆಪರೇಷನ್ ಆಗುವ ಮಕ್ಕಳು ಇದ್ದಾರಾ. ಸಾಧ್ಯವಾದರೆ ಅಲ್ಲಿ ಕೋರ್ಸ್ ಮಾಡುತ್ತಿರುವ ಹುಡುಗಿಯನ್ನು ಕ್ಯಾಂಟೀನಿನಲ್ಲಿ ಹಿಡಿದು ಚಾ ಕುಡಿಸಿ ಕೇಳಿ: ನಿಜವಾಗಿ ಕಲಿಸ್ತಾರಾ, ಇಲ್ಲ ಸ್ಟಾಫ್ ಕಡಿಮೆ ಇದೆ ಎಂದು ಸುಮ್ನೆ ಡ್ಯೂಟಿ ತುಂಬಿಸ್ತಾರಾ? ಇದು ದೊಡ್ಡ ರೋಗ. ಒಂದು ಕಡೆ, ಹೆಸರು ಬೇಡ, ಕೋರ್ಸಿನ ಹುಡುಗಿಯರನ್ನು ತಿಂಗಳುಗಟ್ಟಲೆ ಪೋಸ್ಟ್‌ನೇಟಲ್ (ಹೆರಿಗೆಯಾದ ತಾಯಂದಿರ) ವಾರ್ಡಿಗೇ ಹಾಕಿದ್ದರು. ನಾನು ಹೋಗಿ ಲಾಗ್‌ಬುಕ್ ಕೇಳಿದರೆ ಪ್ರೊಸೀಜರ್ ಪುಟಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ದಿನ ಬರೆದಂತಿದ್ದವು. ಸ್ಟೈಪೆಂಡ್ ಎಷ್ಟು, ಬಾಂಡ್ ಇದೆಯಾ, ಇದ್ದರೆ ಎಷ್ಟು ದಿನಕ್ಕೆ, ಎಲ್ಲ ಬರಹದಲ್ಲಿ ಇಟ್ಟುಕೊಳ್ಳಿ. ಒರಿಜಿನಲ್ ಸರ್ಟಿಫಿಕೇಟ್ ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ, ತೋರಿಸಿ ವಾಪಸ್ ತನ್ನಿ. ಪುಣೆಯಲ್ಲೂ ಹುಡುಕುವುದಾದರೆ ಒಂದು ಸಣ್ಣ ಎಚ್ಚರಿಕೆ, ಪುಣೆಯ ರಾಸ್ತಾ ಪೇಠ್‌ನ ಕೆಇಎಂ ಬೇರೆ, ಮುಂಬೈನ ಪಾಲಿಕೆಯ ಕೆಇಎಂ ಬೇರೆ. ಅರ್ಜಿ ತಪ್ಪಾಗಿ ಹಾಕಿ ಕಾಯುವವರಿದ್ದಾರೆ!

ಎನ್‌ಆರ್‌ಪಿ, ಪಿಎಎಲ್‌ಎಸ್, ಇವು ಕ್ವಾಲಿಫಿಕೇಷನ್ ಅಲ್ಲ, ಟ್ರೇನಿಂಗ್. ಆದರೂ ಮಾಡಿ. ಎನ್‌ಆರ್‌ಪಿ ಅಂದರೆ ಹುಟ್ಟಿದ ಮಗು ಉಸಿರಾಡದಿದ್ದಾಗ ಮೊದಲ ನಿಮಿಷದಲ್ಲಿ ಏನು ಮಾಡಬೇಕು ಅನ್ನೋದು. ಪಿಎಎಲ್‌ಎಸ್ ಅಂದರೆ ಮಕ್ಕಳ ಉಸಿರು, ಹೃದಯ ನಿಂತಂಥ ತುರ್ತಿನಲ್ಲಿ ಏನು ಮಾಡಬೇಕು ಅನ್ನೋದು, ಎರಡು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಟ್ರಾನ್ಸ್‌ಫರ್ ಕೇಳುವಾಗ ಕೈಯಲ್ಲಿ ಇವಿದ್ದರೆ ಮೇಟ್ರನ್ ಎದುರು ಮಾತಾಡಲು ಬಲ ಬರುತ್ತದೆ. ಸಂಬಳದ ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಡಿಪ್ಲೊಮಾ ಆಯಿತೆಂದು ಮರುದಿನವೇ ಖಾಸಗಿ ಆಸ್ಪತ್ರೆ ಸಂಬಳ ಏರಿಸುವುದಿಲ್ಲ. ಕೆಲಸ ಬದಲಿಸುವಾಗ ಮಾತಾಡಿ ಪಡೆಯಬೇಕು. ಮುಂದೆ ಊರಿಗೆ ಮರಳುವುದಾದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕ, ಎಸ್‌ಎನ್‌ಸಿಯು ಅಂತಾರಲ್ಲ, ಅವು ಇವೆ. ಅಲ್ಲಿ ಈ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಈಗ ಯುಕೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಹಾಗಾಗಿ ನಿಧಾನವಾಗಿ ಓದಿ. ಅಲ್ಲಿ ನರ್ಸಿಂಗ್ ಶುರುವಿನಲ್ಲೇ ನಾಲ್ಕು ಕವಲು: ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು. ಮಕ್ಕಳ ನರ್ಸ್ ಅನ್ನೋದು ಅಲ್ಲಿ ರಿಜಿಸ್ಟರ್‌ನಲ್ಲೇ ಬೇರೆ. ನಮ್ಮದು ಜನರಲ್ ನರ್ಸಿಂಗ್, ಎಲ್ಲ ಸೇರಿಸಿ ಓದಿರುತ್ತೇವೆ. ಜಿಎನ್‌ಎಂನಲ್ಲೂ ಮಕ್ಕಳ ನರ್ಸಿಂಗ್ ಒಂದು ವಿಷಯ ಮಾತ್ರ. ಹಾಗಾಗಿ ಇಲ್ಲಿಂದ ಹೋಗುವವರು ಸಾಮಾನ್ಯವಾಗಿ ವಯಸ್ಕರ ನರ್ಸ್ ಆಗಿಯೇ ಅಲ್ಲಿನ ಎನ್‌ಎಂಸಿಯಲ್ಲಿ (ಅಲ್ಲಿನ ನರ್ಸಿಂಗ್ ಕೌನ್ಸಿಲ್) ರಿಜಿಸ್ಟರ್ ಆಗುತ್ತಾರೆ. ಮೊದಲು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಓಎಸ್‌ಸಿಇ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಪರೀಕ್ಷೆ ಬರೆಯುವುದಾದರೆ ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ 7. ನಿಮ್ಮ ನಿಯೋನೇಟಲ್ ಡಿಪ್ಲೊಮಾ ತೋರಿಸಿದ ಮಾತ್ರಕ್ಕೆ ಅವರು ನಿಮ್ಮನ್ನು 'ಮಕ್ಕಳ ನರ್ಸ್' ಎಂದು ಬರೆದುಕೊಳ್ಳುವುದಿಲ್ಲ. ಆದರೆ ಕೆಲಸದ ಇಂಟರ್‌ವ್ಯೂನಲ್ಲಿ ಎನ್‌ಐಸಿಯು ಅನುಭವಕ್ಕೆ ಬೆಲೆ ಇದೆ. ಅಲ್ಲಿ ವಯಸ್ಕರ ನರ್ಸ್ ಆಗಿ ರಿಜಿಸ್ಟರ್ ಆದವರು ಆಮೇಲೆ ಮಕ್ಕಳ ನರ್ಸಿಂಗ್‌ನಲ್ಲಿ ಎರಡನೇ ರಿಜಿಸ್ಟ್ರೇಷನ್ ಪಡೆಯಲು ವಿಶ್ವವಿದ್ಯಾಲಯಗಳಲ್ಲಿ ಕಡಿಮೆ ಅವಧಿಯ ಕೋರ್ಸ್ ಇರುತ್ತದೆ, ಮೊದಲಿನ ಓದು ಮತ್ತು ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದು ಅಲ್ಲಿ ಹೋಗಿ ನೋಡುವ ಮಾತು. ಇಲ್ಲಿ ಕೂತು 'ಯುಕೆ ಪೀಡಿಯಾಟ್ರಿಕ್ ಗ್ಯಾರಂಟಿ' ಎನ್ನುವ ಏಜೆಂಟಿಗೆ ದುಡ್ಡು ಕೊಡುವ ಮಾತಲ್ಲ.

ಕೊನೆಗೆ ಕಾಗದಪತ್ರ, ಇದು ಬೇಸರದ ವಿಷಯ, ಆದರೆ ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ನೀವು ಜಿಎನ್‌ಎಂ ಕರ್ನಾಟಕದಲ್ಲಿ ಮಾಡಿದ್ದರೆ ಮೊದಲ ರಿಜಿಸ್ಟ್ರೇಷನ್ ಬೆಂಗಳೂರಿನ ಕೌನ್ಸಿಲ್‌ನಲ್ಲಿರುತ್ತದೆ. ಅಲ್ಲಿಂದ ಎನ್‌ಒಸಿ ತಂದು ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿದ್ದೀರಾ? ರಿನ್ಯೂವಲ್ ಆಗಿದೆಯಾ? ಆರು ವರ್ಷ ಕೆಲಸ ಮಾಡಿಯೂ ಇದನ್ನು ಮಾಡಿಸದವರಿದ್ದಾರೆ, ಆಸ್ಪತ್ರೆಯೂ ಕೇಳಿರುವುದಿಲ್ಲ. ಹೆಸರನ್ನೂ ನೋಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಇಲ್ಲಿನ ಫಾರ್ಮಿನಲ್ಲಿ ಅಡ್ಡಹೆಸರು ಮೊದಲು, ಮೂರು ಕಡೆ ಮೂರು ಹೆಸರಿದ್ದರೆ ಡಿಪ್ಲೊಮಾ ಸೀಟು ಸಿಕ್ಕಮೇಲೆ ಒದ್ದಾಡಬೇಕಾಗುತ್ತದೆ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಇದನ್ನು ಒಂದು ಮಾಡಿಸಿಕೊಳ್ಳಿ. ಮೇಟ್ರನ್‌ಗೆ ಟ್ರಾನ್ಸ್‌ಫರ್ ಅರ್ಜಿ ಮಾತ್ರ ಈ ವಾರವೇ ಕೊಡಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಒಂದು ಕಾಪಿಗೆ ಸಹಿ ಹಾಕಿಸಿಕೊಳ್ಳಿ.